ಉಳ್ಳಾಗಡ್ಡಿಯ ಬೇರಿನಲ್ಲೊಂದು ಲೆಕ್ಕ, ಹೂವಿನಲ್ಲೊಂದು ಲೆಕ್ಕ

ವಿಜಯಪುರ, ಬಾಗಲಕೋಟೆಯ ಕಡೆ ಪಿಯುಸಿ ವಿಜ್ಞಾನ ಓದುವ ಮಕ್ಕಳಿಗೆ ಜೀವಕೋಶ ವಿಭಜನೆಯ ಪಾಠವೆಂದರೆ ಹೆಸರುಗಳ ಪಟ್ಟಿ. ಒಂದು ಕೋಶ ತನ್ನಂಥದೇ ಎರಡು ಕೋಶಗಳಾಗುವ ಮೈಟಾಸಿಸ್‌ನಲ್ಲಿ ಪ್ರೊಫೇಸ್, ಮೆಟಾಫೇಸ್, ಅನಾಫೇಸ್, ಟೆಲೋಫೇಸ್. ಪರಾಗ, ಅಂಡ, ವೀರ್ಯಾಣುಗಳಿಗೆ ಬೇಕಾದ ಮಿಯಾಸಿಸ್‌ಗೆ ಬಂದರೆ ಅವೇ ನಾಲ್ಕು ಎರಡೆರಡು ಸಲ, ಅದರ ಮೇಲೆ ಲೆಪ್ಟೊಟೀನ್, ಜೈಗೊಟೀನ್ ಎಂದು ಶುರುವಾಗುವ ಇನ್ನೊಂದು ಸಾಲು. ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ, ಮರುದಿನ ಮಧ್ಯಾಹ್ನಕ್ಕೆ ಮರೆವು. ಹೆಸರುಗಳು ಬೇಡವೆಂದಲ್ಲ. ಆದರೆ ಅವುಗಳಿಂದಲೇ ಆರಂಭಿಸಿದರೆ ವಿಷಯ ಕೈಗೆ ಹತ್ತುವುದಿಲ್ಲ. ಪ್ರತಿ ಹಂತದಲ್ಲಿಯೂ ಕೇಳಿಕೊಳ್ಳಬೇಕಾದದ್ದು ಒಂದೇ ಪ್ರಶ್ನೆ: ಈಗ ಯಾವುದು ಯಾವುದನ್ನು ಬಿಟ್ಟು ಹೋಗುತ್ತಿದೆ?

ಇದಕ್ಕೆ ಉತ್ತರವನ್ನು ಕಣ್ಣಾರೆ ನೋಡಲು ಬೇಕಾದ ಮುಖ್ಯ ಸಾಮಗ್ರಿ ನಮ್ಮ ಭಾಗದಲ್ಲಿ ಹೊಲದಲ್ಲಿಯೇ ಬೆಳೆಯುತ್ತದೆ. ಅದು ಉಳ್ಳಾಗಡ್ಡಿ. ಜಗತ್ತಿನ ಕಾಲೇಜುಗಳೆಲ್ಲ ಉಳ್ಳಾಗಡ್ಡಿಯ ಬೇರನ್ನೇ ಆರಿಸಿಕೊಂಡದ್ದು ಅದು ಅಗ್ಗ ಎಂಬ ಕಾರಣಕ್ಕೆ ಮಾತ್ರವಲ್ಲ. ಉಳ್ಳಾಗಡ್ಡಿಯ ಒಂದು ಕೋಶದಲ್ಲಿರುವುದು 16 ವರ್ಣತಂತುಗಳು (ಡಿಎನ್‌ಎ ಹೊತ್ತ ಕ್ರೋಮೋಸೋಮ್‌ಗಳು), ಮನುಷ್ಯನ ಕೋಶದಲ್ಲಿ 46. ಆದರೆ ಆ ಹದಿನಾರರಲ್ಲಿ ಅಡಗಿರುವ ಡಿಎನ್‌ಎ ನಮ್ಮ ನಲವತ್ತಾರರಲ್ಲಿ ಇರುವುದಕ್ಕಿಂತ ಸುಮಾರು ಐದು ಪಟ್ಟು ಹೆಚ್ಚು. ಹಾಗಾಗಿ ಒಂದೊಂದು ವರ್ಣತಂತುವೂ ದಪ್ಪ, ಉದ್ದ. ಕಾಲೇಜಿನ ಸಾಧಾರಣ ಸೂಕ್ಷ್ಮದರ್ಶಕಕ್ಕೂ ಕಾಣಿಸುತ್ತದೆ. ಡಿಎನ್‌ಎ ಹೆಚ್ಚಿದ್ದಷ್ಟೂ ಜೀವಿ ಮೇಲಿನ ದರ್ಜೆಯದು ಎಂದುಕೊಂಡವರಿಗೆ ಉಳ್ಳಾಗಡ್ಡಿ ಹೆಚ್ಚದೆಯೇ ಕಣ್ಣೀರು ತರಿಸುತ್ತದೆ.

ಮುಂದೆ ಹೋಗುವ ಮೊದಲು ಎರಡು ಸಂಬಂಧಗಳನ್ನು ಬೇರ್ಪಡಿಸಿ ಇಟ್ಟುಕೊಳ್ಳಬೇಕು. ಹೆಚ್ಚಿನವರು ದಾರಿ ತಪ್ಪುವುದು ಇಲ್ಲಿಯೇ. ಉಳ್ಳಾಗಡ್ಡಿಯ 16 ವರ್ಣತಂತುಗಳು ಎಂದರೆ 8 ಜೋಡಿಗಳು. ಪ್ರತಿ ಜೋಡಿಯಲ್ಲಿ ಒಂದು ತಾಯಿ ಗಿಡದಿಂದ ಬಂದದ್ದು, ಇನ್ನೊಂದು ಪರಾಗ ಕೊಟ್ಟ ತಂದೆ ಗಿಡದಿಂದ ಬಂದದ್ದು. ಇವೆರಡೂ ಒಂದೇ ಬಗೆಯ ಗುಣಗಳ ಮಾಹಿತಿಯನ್ನು ಒಂದೇ ಕ್ರಮದಲ್ಲಿ ಹೊತ್ತಿವೆ, ಆದರೆ ಅಕ್ಷರಶಃ ಒಂದೇ ಅಲ್ಲ. ಬಣ್ಣದ ಮಾಹಿತಿ ಇರುವ ಜಾಗದಲ್ಲಿ ಒಂದರಲ್ಲಿ ಕೆಂಪು, ಇನ್ನೊಂದರಲ್ಲಿ ಬಿಳಿ ಇರಬಹುದು. ಇವು ಸಮರೂಪಿ ವರ್ಣತಂತುಗಳು. ನಾವು ಸರಳವಾಗಿ ಜೋಡಿ ಎನ್ನೋಣ. ಇನ್ನೊಂದು ಸಂಬಂಧ ಬೇರೆಯದು. ವಿಭಜನೆಗೆ ಮೊದಲು ಕೋಶವು ತನ್ನ ಡಿಎನ್‌ಎ ಎಲ್ಲವನ್ನೂ ನಕಲು ಮಾಡುತ್ತದೆ. ಆಗ ಪ್ರತಿ ವರ್ಣತಂತುವೂ ಒಂದನ್ನೊಂದು ಅಕ್ಷರಶಃ ಹೋಲುವ ಎರಡು ಎಳೆಗಳಾಗುತ್ತದೆ. ಇವು ಸೋದರಿ ಎಳೆಗಳು. ನಕಲು ಆದ ಕ್ಷಣದಿಂದಲೇ ಕೊಹೆಸಿನ್ ಎಂಬ ಪ್ರೋಟೀನಿನ ಉಂಗುರಗಳು ಈ ಎರಡು ಎಳೆಗಳನ್ನು ಉದ್ದಕ್ಕೂ ಹಿಡಿದಿಟ್ಟಿರುತ್ತವೆ. ಜೋಡಿಯ ನಡುವೆ ಅಂಥ ಯಾವ ಕಟ್ಟೂ ಇಲ್ಲ. ಸಾಮಾನ್ಯ ಕೋಶದಲ್ಲಿ ತಾಯಿಯ ಪಾಲಿನದು ಎಲ್ಲೋ, ತಂದೆಯ ಪಾಲಿನದು ಎಲ್ಲೋ. ಇಷ್ಟು ಮನಸ್ಸಿನಲ್ಲಿದ್ದರೆ ಮುಂದಿನದು ಸುಲಭ.

ಮೊದಲು ಬೇರು. ಒಂದು ಗಡ್ಡೆಯ ಬುಡ ನೀರಿಗೆ ತಾಗುವಂತೆ ಗಾಜಿನ ಲೋಟದ ಮೇಲೆ ಕೂರಿಸಿದರೆ ಮೂರು ನಾಲ್ಕು ದಿನಗಳಲ್ಲಿ ಬಿಳಿ ಬೇರುಗಳು ಇಳಿಯುತ್ತವೆ. ವಿಭಜನೆ ನಡೆಯುವುದು ತುದಿಯ ಒಂದೆರಡು ಮಿಲಿಮೀಟರ್‌ನಲ್ಲಿ; ಮೇಲಿನ ಭಾಗ ಉದ್ದವಾಗುತ್ತಿರುತ್ತದೆ, ಅಷ್ಟೇ. ಆ ತುದಿಯನ್ನು ಕತ್ತರಿಸಿ, ಅಸಿಟಿಕ್ ಆಮ್ಲ ಮತ್ತು ಆಲ್ಕೊಹಾಲ್ ಮಿಶ್ರಣದಲ್ಲಿಟ್ಟರೆ ಕೋಶಗಳು ಇದ್ದ ಸ್ಥಿತಿಯಲ್ಲಿಯೇ ನಿಂತುಬಿಡುತ್ತವೆ. ಆಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮೆತ್ತಗಾಗಿಸಿ, ಅಸಿಟೋಕಾರ್ಮಿನ್ ಬಣ್ಣ ಹಾಕಿ, ಗಾಜಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದರೆ ಸ್ಲೈಡ್ ಸಿದ್ಧ.

ಮೊದಲ ನೋಟಕ್ಕೆ ನಿರಾಸೆಯೇ. ಕಾಣುವ ಕೋಶಗಳಲ್ಲಿ ಹೆಚ್ಚಿನವು ಏನೂ ಮಾಡದೆ ಸುಮ್ಮನಿರುವಂತೆ ತೋರುತ್ತವೆ. ಅವು ಎರಡು ವಿಭಜನೆಗಳ ನಡುವಿನ ಅವಧಿಯಾದ ಇಂಟರ್‌ಫೇಸ್‌ನಲ್ಲಿವೆ. ಆದರೆ ನಕಲಿನ ಕೆಲಸವೆಲ್ಲ ನಡೆಯುವುದು ಆಗಲೇ. ಮನುಷ್ಯನ ಕೋಶವನ್ನು ಪ್ರಯೋಗಾಲಯದಲ್ಲಿ ಬೆಳೆಸಿದರೆ ಒಂದು ವಿಭಜನೆಯಿಂದ ಮುಂದಿನ ವಿಭಜನೆಯವರೆಗಿನ ಒಂದು ಸುತ್ತು ಮುಗಿಯಲು ಸುಮಾರು 24 ಗಂಟೆ ಹಿಡಿಯುತ್ತದೆ. ಅದರಲ್ಲಿ ಮೈಟಾಸಿಸ್‌ಗೆ ಹೋಗುವುದು ಸುಮಾರು ಒಂದು ಗಂಟೆ. ಇಲ್ಲಿ ಒಂದು ಸೊಗಸಾದ ಲೆಕ್ಕವಿದೆ. ಸ್ಲೈಡ್‌ನಲ್ಲಿರುವುದು ಸತ್ತ ಕೋಶಗಳು, ಅಲ್ಲಿ ಗಡಿಯಾರವಿಲ್ಲ. ಆದರೂ ಸಮಯ ಅಳೆಯಬಹುದು. ಸಾವಿರ ಕೋಶಗಳನ್ನು ಎಣಿಸಿದಾಗ ನೂರು ವಿಭಜನೆಯಲ್ಲಿ ಸಿಕ್ಕರೆ, ಸುತ್ತಿನ ಹೆಚ್ಚುಕಡಿಮೆ ಹತ್ತನೆಯ ಒಂದು ಭಾಗ ವಿಭಜನೆಗೆ ಹೋಗುತ್ತದೆ ಎಂದರ್ಥ. ಹೆಚ್ಚು ಹೊತ್ತು ಹಿಡಿಯುವ ಹಂತ ಹೆಚ್ಚು ಕೋಶಗಳಲ್ಲಿ ಕಾಣಬೇಕಲ್ಲವೇ? ಪ್ರೊಫೇಸ್ ಹೇರಳವಾಗಿ ಸಿಗುವುದೂ, ಅನಾಫೇಸ್ ಹುಡುಕಿ ಹುಡುಕಿ ಕಣ್ಣು ನೋಯುವುದೂ ಇದೇ ಕಾರಣಕ್ಕೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಅನಾಫೇಸ್ ಸಿಗಲಿಲ್ಲವೆಂದು ಅಳುವ ಮಕ್ಕಳಿಗೆ ಇದನ್ನು ಯಾರಾದರೂ ಮೊದಲೇ ಹೇಳಬೇಕು.

ಹಂತಗಳು ಇಷ್ಟು. ಪ್ರೊಫೇಸ್‌ನಲ್ಲಿ ವರ್ಣತಂತುಗಳು ಸುತ್ತಿಕೊಂಡು ದಪ್ಪವಾಗುತ್ತವೆ. ಮೆಟಾಫೇಸ್‌ನಲ್ಲಿ ಹದಿನಾರೂ ಕೋಶದ ನಡುಗಡೆಗೆ ಬಂದು ಸಾಲುಗಟ್ಟುತ್ತವೆ. ಕೋಶದ ಎರಡು ತುದಿಗಳಿಂದ, ಅಂದರೆ ಧ್ರುವಗಳಿಂದ, ಬಂದ ಕದಿರೆಳೆಗಳು ಎಂಬ ಪ್ರೋಟೀನ್ ಎಳೆಗಳು ಪ್ರತಿ ವರ್ಣತಂತುವಿನ ಎರಡು ಸೋದರಿ ಎಳೆಗಳನ್ನು ಎದುರುಬದುರು ದಿಕ್ಕಿನಿಂದ ಹಿಡಿಯುತ್ತವೆ. ಜಗ್ಗಾಟ ಶುರುವಾದರೂ ಉಂಗುರಗಳು ಬಿಡುವುದಿಲ್ಲ. ಎಲ್ಲ ವರ್ಣತಂತುಗಳೂ ಎರಡೂ ಕಡೆಯಿಂದ ಸರಿಯಾಗಿ ಹಿಡಿಯಲ್ಪಟ್ಟಿವೆಯೇ ಎಂದು ಕೋಶ ಕಾಯುತ್ತದೆ. ಒಂದು ಬಾಕಿ ಉಳಿದರೂ ಮುಂದೆ ಹೋಗುವುದಿಲ್ಲ. ಎಲ್ಲವೂ ಸರಿಯಾದ ಮೇಲೆ ಸೆಪರೇಸ್ ಎಂಬ ಕಿಣ್ವ ಉಂಗುರಗಳನ್ನು ಕತ್ತರಿಸುತ್ತದೆ. ಅದೇ ಅನಾಫೇಸ್. ಬೇರೆಯಾಗುವುದು ಸೋದರಿ ಎಳೆಗಳು ಮಾತ್ರ. ಎರಡೂ ಕಡೆಗೆ ಅದೇ ಹದಿನಾರು, ಅದೇ ಮಾಹಿತಿ. ಕೊನೆಗೆ ಸಸ್ಯಕೋಶದಲ್ಲಿ ನಡುವಿನಿಂದ ಹೊರಕ್ಕೆ ಹೊಸ ಗೋಡೆ ಬೆಳೆಯುತ್ತದೆ. ಪ್ರಾಣಿಕೋಶವಾದರೆ ಹೊರಗಿನಿಂದ ಒಳಕ್ಕೆ ಬಿಗಿದುಕೊಂಡು ಎರಡಾಗುತ್ತದೆ. ಜರ್ಮನಿಯ ವಾಲ್ಟರ್ ಫ್ಲೆಮಿಂಗ್ ಸಾಲಮ್ಯಾಂಡರ್ ಮರಿಗಳ ಕೋಶಗಳಲ್ಲಿ ಇದನ್ನೆಲ್ಲ ನೋಡಿ 1882ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಆಗ ಡಿಎನ್‌ಎ ಏನು ಮಾಡುತ್ತದೆ ಎಂಬುದು ಯಾರಿಗೂ ತಿಳಿದಿರಲಿಲ್ಲ. ಕಣ್ಣಿಗೆ ಕಂಡ ಚಲನೆಯನ್ನಷ್ಟೇ ಆತ ಕ್ರಮವಾಗಿ ಜೋಡಿಸಿದ್ದ.

ಈ ಜಗ್ಗಾಟವನ್ನು ತಡೆದರೆ ವಿಭಜನೆ ನಿಲ್ಲುತ್ತದೆ. ಅಂಗಳದಲ್ಲಿ ತಾನಾಗಿ ಬೆಳೆಯುವ ಕಾಶಿ ಕಣಗಿಲೆಯಿಂದ ತೆಗೆದ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧ ಮಾಡುವುದು ಅದನ್ನೇ: ಕದಿರೆಳೆಗಳು ಕಟ್ಟಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಲಗಾಮಿಲ್ಲದೆ ಒಡೆಯುವ ಕ್ಯಾನ್ಸರ್ ಕೋಶಗಳಿಗೆ ಅದು ಪೆಟ್ಟು. ವಿಭಜನೆಗೆ ಅಡ್ಡಬರುವ ಕೀಮೋಥೆರಪಿ ಔಷಧಗಳಲ್ಲಿ ಹಲವು ಕೂದಲು ಉದುರಿಸುವುದೇಕೆ ಎಂಬುದೂ ಇದರಿಂದಲೇ ತಿಳಿಯುತ್ತದೆ. ಕೂದಲ ಬುಡದ ಕೋಶಗಳೂ ಬಿಡುವಿಲ್ಲದೆ ವಿಭಜಿಸುವಂಥವು. ಔಷಧಕ್ಕೆ ಇವರು ನಮ್ಮವರು, ಅವರು ಪರರು ಎಂಬ ಭೇದವಿಲ್ಲ.

ವಿಜಯಪುರ, ಬಾಗಲಕೋಟೆ, ಬೆಳಗಾವಿ, ಈ ನಮ್ಮ ಮೂರು ಜಿಲ್ಲೆಗಳ ಕೃಷಿಯ ದೊಡ್ಡ ಪಾಲು ನಿಂತಿರುವುದು ಮೈಟಾಸಿಸ್ ಮೇಲೆಯೇ. ಮುಧೋಳ, ಜಮಖಂಡಿ, ಗೋಕಾಕದ ಕಬ್ಬಿನ ಗದ್ದೆಗಳಲ್ಲಿ ನೆಡುವುದು ಕಣ್ಣಿರುವ ತುಂಡುಗಳನ್ನು. ಕಟಾವಿನ ನಂತರದ ಕುಳೆ ಬೆಳೆಯೂ ಅದೇ ಬುಡದ ಕೋಶಗಳ ಮುಂದುವರಿಕೆ. ಒಂದು ತಳಿಯ ಸಾವಿರಾರು ಎಕರೆ ಕಬ್ಬೆಂದರೆ, ಮಾಹಿತಿಯ ಮಟ್ಟಿಗೆ ಅದು ಒಂದೇ ಗಿಡ. ಇಳುವರಿ, ಸಕ್ಕರೆ ಅಂಶ ನಂಬಿಕೆಯಿಂದ ಸಿಗುತ್ತವೆ. ಆದರೆ ಕೆಂಪು ಕೊಳೆ ರೋಗದ ಶಿಲೀಂಧ್ರ ಒಂದು ಕಬ್ಬಿನ ದೌರ್ಬಲ್ಯ ಹಿಡಿದರೆ ಉಳಿದವಕ್ಕೂ ಅದೇ ದೌರ್ಬಲ್ಯ. ವಿಜಯಪುರದ ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿಯದೂ ಇದೇ ಕಥೆ. ಡಾಗ್‌ರಿಡ್ಜ್ ಎಂಬ ತಳಿಯ ಬುಡಕ್ಕೆ ಥಾಮ್ಸನ್ ಸೀಡ್‌ಲೆಸ್ ಎಂಬ ಬೀಜವಿಲ್ಲದ ದ್ರಾಕ್ಷಿಯ ಕಸಿ ಕಟ್ಟಿದಾಗ ಗಾಯ ಮಾಯುವುದು ಎರಡೂ ಕಡೆಯ ಕೋಶಗಳು ಮೈಟಾಸಿಸ್‌ನಿಂದ ಹೆಚ್ಚಿ ಬೆಸೆದುಕೊಳ್ಳುವುದರಿಂದ. ಬೆಸೆದರೂ ವರ್ಣತಂತುಗಳು ಬೆರೆಯುವುದಿಲ್ಲ. ಬುಡದ್ದು ಬುಡದ್ದೇ, ಮೇಲಿನದು ಮೇಲಿನದೇ. ಹಣ್ಣಿನ ಗುಣ ಬದಲಾಗದೆ ಉಳಿಯುವುದು ಅದಕ್ಕೇ.

ಈಗ ಹೂವಿಗೆ ಬರೋಣ. ಬೀಜಕ್ಕಾಗಿ ಉಳ್ಳಾಗಡ್ಡಿ ಬೆಳೆಯುವವರು ಒಳ್ಳೆಯ ಗಡ್ಡೆಗಳನ್ನು ಆರಿಸಿ ಹಿಂಗಾರಿನಲ್ಲಿ ಮತ್ತೆ ನೆಡುತ್ತಾರೆ. ಟೊಳ್ಳು ದಂಟಿನ ತುದಿಯಲ್ಲಿ ದುಂಡನೆಯ ಬಿಳಿ ಹೂಗೊಂಚಲು ಬರುತ್ತದೆ. ಆ ಗೊಂಚಲಿನ ಇನ್ನೂ ಅರಳದ ಹಸಿರು ಮೊಗ್ಗಿನೊಳಗೆ, ಕೇಸರದ ತುದಿಯ ಪರಾಗಾಶಯದಲ್ಲಿ, ಅದೇ ಗಿಡದ ಅದೇ ಹದಿನಾರು ವರ್ಣತಂತುಗಳ ಕೋಶಗಳು ಬೇರೆಯದೇ ಕೆಲಸಕ್ಕೆ ಕೈ ಹಾಕುತ್ತವೆ. ಹೂ ಅರಳುವ ಹೊತ್ತಿಗೆ ಅದು ಮುಗಿದಿರುತ್ತದೆ. ಮಿಯಾಸಿಸ್ ನೋಡಬೇಕೆಂದು ಅರಳಿದ ಹೂ ತಂದವರಿಗೆ ಪರಾಗವಷ್ಟೇ ಕಾಣುತ್ತದೆ.

ಡಿಎನ್‌ಎ ನಕಲು ಇಲ್ಲಿಯೂ ಒಂದೇ ಸಲ. ಆದರೆ ವಿಭಜನೆ ಎರಡು ಸಲ. ಸಂಖ್ಯೆ ಅರ್ಧಕ್ಕೆ ಇಳಿಯುವುದರ ಗಣಿತ ಇಷ್ಟೇ. ಅರ್ಧ ಆಗದಿದ್ದರೆ ಏನಾಗುತ್ತಿತ್ತು? ಪರಾಗದಿಂದ ಹದಿನಾರು, ಅಂಡದಿಂದ ಹದಿನಾರು ಸೇರಿ ಮರಿಗೆ ಮೂವತ್ತೆರಡು, ಮೊಮ್ಮರಿಗೆ ಅರವತ್ತನಾಲ್ಕು. ಸಂಖ್ಯೆಯನ್ನು ಇಳಿಸುವ ವಿಭಜನೆಯೊಂದು ಇರಲೇಬೇಕು ಎಂದು ಆಗಸ್ಟ್ ವೈಸ್‌ಮನ್ 1887ರಲ್ಲಿ ತರ್ಕದಿಂದಲೇ ಹೇಳಿದ್ದ.

ಅರ್ಧ ಮಾಡುವುದೆಂದರೆ ಹದಿನಾರರಲ್ಲಿ ಯಾವುದೋ ಎಂಟನ್ನು ಎತ್ತಿ ಕೊಡುವುದಲ್ಲ. ಪ್ರತಿ ಜೋಡಿಯಿಂದ ಒಂದು, ಒಂದೇ ಒಂದು ಬರಬೇಕು. ಅದಕ್ಕೆ ಮೊದಲು ಜೋಡಿಗಳು ಒಂದನ್ನೊಂದು ಕಂಡುಕೊಳ್ಳಬೇಕು. ಮೊದಲೇ ಹೇಳಿದಂತೆ ಅವುಗಳ ನಡುವೆ ಕಟ್ಟು ಇಲ್ಲ. ಮಿಯಾಸಿಸ್‌ನ ಮೊದಲ ಪ್ರೊಫೇಸ್ ಅಷ್ಟು ದೀರ್ಘವಾಗಿರುವುದೂ, ಅದಕ್ಕೆ ಐದು ಉಪಹೆಸರುಗಳು ಬಿದ್ದಿರುವುದೂ ಈ ಹುಡುಕಾಟ ಮತ್ತು ಕಟ್ಟುವಿಕೆಗಾಗಿ. ಕೋಶವು ತನ್ನ ಡಿಎನ್‌ಎಯನ್ನು ತಾನೇ ಅಲ್ಲಲ್ಲಿ ತುಂಡರಿಸುತ್ತದೆ. ತುಂಡಾದ ತುದಿ ರಿಪೇರಿಗಾಗಿ ತನ್ನದೇ ಮಾಹಿತಿಯಿರುವ ಜಾಗವನ್ನು ಜೋಡಿಯ ಮೇಲೆ ಹುಡುಕುತ್ತದೆ. ಕೆಲವು ಕಡೆ ರಿಪೇರಿ ಅದಲುಬದಲಾಗಿ ಮುಗಿಯುತ್ತದೆ: ತಾಯಿಯ ಪಾಲಿನ ಎಳೆಯ ತುದಿಗೆ ತಂದೆಯ ಪಾಲಿನ ಎಳೆ, ತಂದೆಯದಕ್ಕೆ ತಾಯಿಯದು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸೆಳೆಗಳಿಗೆ ಸೆರಗಿನ ಹಾಸೆಳೆಗಳನ್ನು ಕೊಂಡಿ ಹಾಕಿ ಸೇರಿಸುತ್ತಾರಲ್ಲ, ಎರಡು ಕಡೆಯ ಎಳೆಗಳು ಹಾಗೆ ಒಂದೇ ಉದ್ದದಲ್ಲಿ ಮುಂದುವರಿಯುತ್ತವೆ. ವ್ಯತ್ಯಾಸವೆಂದರೆ ವರ್ಣತಂತುಗಳಲ್ಲಿ ಇದು ಎರಡೂ ದಿಕ್ಕಿಗೆ ಆಗುತ್ತದೆ ಮತ್ತು ಒಂದಕ್ಷರವೂ ಹೆಚ್ಚು ಕಡಿಮೆಯಾಗದಂತೆ ಒಂದೇ ಸ್ಥಾನದಲ್ಲಿ ಕೂಡುತ್ತದೆ. ಇದಕ್ಕೆ ಅಡ್ಡಹಾಯುವಿಕೆ ಎನ್ನುತ್ತಾರೆ.

ಪಾಠಗಳಲ್ಲಿ ಅಡ್ಡಹಾಯುವಿಕೆಯನ್ನು ವೈವಿಧ್ಯಕ್ಕಾಗಿ ಇರುವುದು ಎಂದು ಹೇಳಿ ಮುಗಿಸುತ್ತಾರೆ. ಅದು ಅರ್ಧ ಮಾತು. ಅದಕ್ಕಿಂತ ತುರ್ತಿನ ಕೆಲಸವೊಂದಿದೆ. ಅದಲುಬದಲಾದ ಜಾಗದಲ್ಲಿ ಜೋಡಿಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಸೋದರಿ ಎಳೆಗಳ ಉಂಗುರಗಳು ಆ ಸಿಕ್ಕನ್ನು ಭದ್ರವಾಗಿ ಹಿಡಿದಿಡುತ್ತವೆ. ಈ ಸಿಕ್ಕಿನಿಂದಲೇ ಜೋಡಿಯು ಒಟ್ಟಾಗಿ ಕೋಶದ ನಡುವೆ ಬಂದು ನಿಲ್ಲುತ್ತದೆ, ಕದಿರೆಳೆಗಳ ಜಗ್ಗಾಟಕ್ಕೆ ಎದುರು ಬಲ ಸಿಗುತ್ತದೆ. ಸಿಕ್ಕೇ ಬೀಳದ ಜೋಡಿಯಲ್ಲಿ ಯಾವುದು ಎತ್ತ ಹೋಗುತ್ತದೆಂಬುದಕ್ಕೆ ಖಾತ್ರಿಯಿಲ್ಲ. ಎರಡೂ ಒಂದೇ ಕಡೆಗೆ ಹೋಗಿಬಿಡಬಹುದು.

ಆಮೇಲೆ ಮೊದಲ ಬೇರ್ಪಡೆ. ಇಲ್ಲಿ ಬಿಟ್ಟು ಹೋಗುವುದು ಜೋಡಿಗಳು, ಸೋದರಿ ಎಳೆಗಳಲ್ಲ. ವರ್ಣತಂತುವಿನ ತೋಳುಗಳ ಉದ್ದಕ್ಕೂ ಇರುವ ಉಂಗುರಗಳು ಕತ್ತರಿಸಲ್ಪಟ್ಟು ಸಿಕ್ಕು ಬಿಚ್ಚಿಕೊಳ್ಳುತ್ತದೆ. ಆದರೆ ಕದಿರೆಳೆಗಳು ಹಿಡಿಯುವ ನಡುಬಿಂದುವಿನ (ಸೆಂಟ್ರೋಮಿಯರ್) ಸುತ್ತಲಿನ ಉಂಗುರಗಳನ್ನು ಶುಗೋಶಿನ್ ಎಂಬ ಪ್ರೋಟೀನ್ ಕಾಪಾಡುತ್ತದೆ, ಹಾಗಾಗಿ ಸೋದರಿಯರು ಕೂಡಿಯೇ ಒಂದು ಕಡೆಗೆ ಹೋಗುತ್ತಾರೆ. ಎರಡನೆಯ ವಿಭಜನೆಯಲ್ಲಿ ಆ ಕಾವಲು ತೆರವಾಗಿ ಸೋದರಿ ಎಳೆಗಳೂ ಅಗಲುತ್ತವೆ. ಆ ಭಾಗ ನೋಡಲು ಮೈಟಾಸಿಸ್‌ನಂತೆಯೇ ಇದೆ, ಹೆಚ್ಚು ವಿವರಿಸುವ ಅಗತ್ಯವಿಲ್ಲ. ಕೊನೆಗೆ ನಾಲ್ಕು ಕೋಶಗಳು, ಒಂದೊಂದರಲ್ಲಿ ಎಂಟು ವರ್ಣತಂತುಗಳು.

ಪ್ರತಿ ಜೋಡಿಯೂ ಯಾವ ಕಡೆಗೆ ಮುಖ ಮಾಡಿ ನಿಲ್ಲುತ್ತದೆ ಎಂಬುದು ಆಕಸ್ಮಿಕ, ಒಂದು ಜೋಡಿಗೂ ಇನ್ನೊಂದಕ್ಕೂ ಸಂಬಂಧವಿಲ್ಲ. ಎಂಟು ಜೋಡಿಯ ಉಳ್ಳಾಗಡ್ಡಿಯಲ್ಲಿ ಇದರಿಂದಲೇ 256 ಬಗೆಯ ಸಂಯೋಜನೆಗಳು ಸಾಧ್ಯ. 23 ಜೋಡಿಯ ಮನುಷ್ಯನಲ್ಲಿ 83,88,608. ಹತ್ತಿರ ಹತ್ತಿರ ಎಂಬತ್ತನಾಲ್ಕು ಲಕ್ಷ! ಎಂಬತ್ತನಾಲ್ಕು ಲಕ್ಷ ಯೋನಿಗಳ ಮಾತು ಕೇಳಿ ಬೆಳೆದವರಿಗೆ ಇಲ್ಲಿ ಕಿವಿ ನಿಮಿರಬಹುದು. ದಯವಿಟ್ಟು ಇದನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚಬೇಡಿ. ಎರಡನ್ನು ಇಪ್ಪತ್ತಮೂರು ಸಲ ಗುಣಿಸಿದರೆ ಬರುವ ಕಾಕತಾಳೀಯವಷ್ಟೇ ಇದು. ಅಡ್ಡಹಾಯುವಿಕೆಯನ್ನು ಸೇರಿಸಿದರೆ ಸಂಖ್ಯೆ ಲಕ್ಷ ಕೋಟಿಗಳ ಲೆಕ್ಕವನ್ನೂ ದಾಟಿಹೋಗುತ್ತದೆ. ಒಂದೇ ತಾಯಿತಂದೆಯ ಮಕ್ಕಳಲ್ಲಿ ಒಬ್ಬರು ಸೋದರಮಾವನಂತೆ, ಇನ್ನೊಬ್ಬರು ಅತ್ತೆಯಂತೆ ಕಾಣುವುದರ ಮೂಲ ಇಲ್ಲಿದೆ.

ಮನುಷ್ಯರ ಮಾತು ಬಂದದ್ದರಿಂದ ಹೆಣ್ಣಿನ ದೇಹದಲ್ಲಿ ನಡೆಯುವ ವಿಚಿತ್ರವೊಂದನ್ನು ಹೇಳದೆ ಮುಂದೆ ಹೋಗಲಾಗದು. ಗಂಡಸರಲ್ಲಿ ಮಿಯಾಸಿಸ್ ಪ್ರಾಯದಿಂದ ಆರಂಭವಾಗಿ ನಿರಂತರ ನಡೆಯುತ್ತದೆ. ಹೆಣ್ಣಿನಲ್ಲಿ ಅದು ಆರಂಭವಾಗುವುದು ಆಕೆ ಹುಟ್ಟುವ ಮೊದಲೇ, ಗರ್ಭದಲ್ಲಿರುವಾಗ. ಜೋಡಿಗಳು ಕೂಡಿ, ಅದಲುಬದಲಾಗಿ, ಸಿಕ್ಕಿಕೊಂಡು, ಅಲ್ಲಿಗೇ ನಿಂತುಬಿಡುತ್ತವೆ. ಮುಂದಿನ ಹೆಜ್ಜೆ ಆ ಹುಡುಗಿ ಮೈನೆರೆದ ಮೇಲೆ, ತಿಂಗಳಿಗೆ ಸಾಮಾನ್ಯವಾಗಿ ಒಂದು ಅಂಡ ಬಲಿತು ಹೊರಬರುವಾಗ. ಎರಡನೆಯ ವಿಭಜನೆ ಪೂರ್ತಿಯಾಗುವುದು ವೀರ್ಯಾಣು ಒಳಹೊಕ್ಕರೆ ಮಾತ್ರ. ಹಾಗೆಂದರೆ, ನಿಮ್ಮ ತಾಯಿಯನ್ನು ಹೊತ್ತಿದ್ದ ಅಜ್ಜಿಗೆ ಏಳನೆಯ ತಿಂಗಳಲ್ಲಿ ಕುಬಸ ಮಾಡಿ ಹಸಿರು ಬಳೆ ತೊಡಿಸಿದ ಹೊತ್ತಿಗೆ, ಮುಂದೆ ನೀವಾಗಲಿದ್ದ ಅಂಡದ ಮಿಯಾಸಿಸ್ ಶುರುವಾಗಿ ಆಗಿತ್ತು. ಇನ್ನೊಂದು ವಿಶೇಷ: ನಾಲ್ಕು ಸಮಪಾಲು ಇಲ್ಲಿಲ್ಲ. ಆಹಾರವೆಲ್ಲ ಒಂದೇ ಅಂಡಕ್ಕೆ, ಉಳಿದ ವರ್ಣತಂತುಗಳು ಪುಟ್ಟ ಧ್ರುವಕಾಯಗಳಲ್ಲಿ ಹೊರಬಿದ್ದು ನಶಿಸುತ್ತವೆ.

ದಶಕಗಳ ಈ ಕಾಯುವಿಕೆಗೆ ಬೆಲೆಯಿದೆ. ಉಂಗುರಗಳು ಹಳೆಯದಾಗುತ್ತವೆ, ಜೋಡಿ ಬಿಚ್ಚಿಕೊಳ್ಳುವಾಗ ತಪ್ಪುವ ಸಂಭವ ಹೆಚ್ಚುತ್ತದೆ. 21ನೆಯ ವರ್ಣತಂತು ಎರಡರ ಬದಲು ಮೂರು ಬಂದರೆ ಡೌನ್ ಸಿಂಡ್ರೋಮ್. ಫ್ರಾನ್ಸ್‌ನ ಜೆರೋಮ್ ಲೆಜೂನ್ ಮತ್ತು ಸಂಗಡಿಗರು 1959ರಲ್ಲಿ ಇದನ್ನು ಪ್ರಕಟಿಸಿದರು. ತಾಯಿಯ ವಯಸ್ಸು ಮೂವತ್ತೈದಿದ್ದಾಗ ಇದರ ಸಂಭವ ಸುಮಾರು 350ಕ್ಕೆ ಒಂದು, ನಲವತ್ತಕ್ಕೆ ಸುಮಾರು 100ಕ್ಕೆ ಒಂದು. ಇದನ್ನು ಸೊಸೆಯ ತಲೆಗೆ ಕಟ್ಟುವ ಮನೆಗಳಿವೆ. ಆ ಹೆಚ್ಚುವರಿ ವರ್ಣತಂತು ಕೆಲವೊಮ್ಮೆ ತಂದೆಯ ಕಡೆಯಿಂದಲೂ ಬರುತ್ತದೆ. ಎತ್ತ ಕಡೆಯಿಂದ ಬಂದರೂ ಅದು ಯಾರೊಬ್ಬರ ನಡತೆಯ ಫಲವಲ್ಲ, ಕಣ್ಣಿಗೆ ಕಾಣದ ಉಂಗುರವೊಂದು ಹಿಡಿತ ತಪ್ಪಿದ್ದರ ಫಲ.

ಮತ್ತೆ ಹೊಲಕ್ಕೆ. ಮಿಯಾಸಿಸ್ ಕೆಟ್ಟರೆ ಬೆಳೆಯಲ್ಲಿ ಏನಾಗುತ್ತದೆ? ಅರಿಸಿನದಲ್ಲಿ ವರ್ಣತಂತುಗಳು ಮೂರು ಮೂರರ ಗುಂಪಿನಲ್ಲಿವೆ, ನಾವು ತಿನ್ನುವ ಹೆಚ್ಚಿನ ಬಾಳೆ ತಳಿಗಳಲ್ಲಿಯೂ ಅಷ್ಟೇ. ಮೂರನ್ನು ಎರಡು ಸಮಪಾಲು ಮಾಡಲಾಗದು, ಹಾಗಾಗಿ ಪರಾಗವೂ ಅಂಡವೂ ಕೆಡುತ್ತವೆ. ಅರಿಸಿನವನ್ನು ಗಡ್ಡೆಯಿಂದಲೂ ಬಾಳೆಯನ್ನು ಕಂದಿನಿಂದಲೂ ನೆಡುವುದು ಇದಕ್ಕೇ. ಬೆಳ್ಳುಳ್ಳಿಯದು ಬೇರೆ ಪ್ರಕರಣ. ಉಳ್ಳಾಗಡ್ಡಿಯ ಹತ್ತಿರದ ಬಳಗದ ಅದಕ್ಕೂ ಹದಿನಾರೇ ವರ್ಣತಂತುಗಳು, ಎಂಟು ಜೋಡಿಗಳೇ; ಆದರೂ ಸಾಗುವಳಿಯ ಬೆಳ್ಳುಳ್ಳಿ ಬೀಜ ಕಟ್ಟುವುದು ಇಲ್ಲವೆನ್ನುವಷ್ಟು ವಿರಳ, ಎಸಳಿನಿಂದ ಎಸಳಿಗೆ ಮೈಟಾಸಿಸ್‌ನ ದಾರಿಯಲ್ಲಿಯೇ ಬಂದಿದೆ. ದ್ರಾಕ್ಷಿಯನ್ನು ಈ ಪಟ್ಟಿಗೆ ಸೇರಿಸುವುದು ಸಾಮಾನ್ಯ ತಪ್ಪು. ಥಾಮ್ಸನ್ ಸೀಡ್‌ಲೆಸ್‌ನಲ್ಲಿ ಪರಾಗಸ್ಪರ್ಶವೂ ಆಗುತ್ತದೆ, ಗರ್ಭವೂ ಕಟ್ಟುತ್ತದೆ. ಬೀಜ ಎಳೆಯದಿರುವಾಗಲೇ ಬೆಳವಣಿಗೆ ನಿಂತುಹೋಗುತ್ತದೆ, ಅಷ್ಟೇ.

ಕಬ್ಬಿನಲ್ಲಿ ಮಾತ್ರ ಮಿಯಾಸಿಸ್‌ನ ತಪ್ಪೊಂದು ವರವಾಗಿ ಬಂತು. ಕೊಯಮತ್ತೂರಿನ ತಳಿ ಕೇಂದ್ರದಲ್ಲಿ, 1912ರಲ್ಲಿ ಅದು ಆರಂಭವಾದ ಕೆಲವೇ ವರ್ಷಗಳಲ್ಲಿ, ಸಿ.ಎ. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ರಸಭರಿತ ಸಿಹಿ ಕಬ್ಬನ್ನು ಗಟ್ಟಿ ಕಾಡುಕಬ್ಬಿನೊಂದಿಗೆ ಕೂಡಿಸಿ ಕೋ 205 ತಳಿ ಪಡೆದರು. ಸಿಹಿ ಕಬ್ಬಿನ 80 ವರ್ಣತಂತುಗಳಲ್ಲಿ 40, ಕಾಡುಕಬ್ಬಿನ 64ರಲ್ಲಿ 32, ಒಟ್ಟು 72 ಬರಬೇಕಿತ್ತು. ಬಂದದ್ದು 112. ತಾಯಿ ಕಬ್ಬು ಅರ್ಧ ಮಾಡದೆ ತನ್ನ ಎಂಬತ್ತನ್ನೂ ಇಡಿಯಾಗಿ ದಾಟಿಸಿತ್ತು, ಅದರೊಂದಿಗೆ ಸಿಹಿಯ ದೊಡ್ಡ ಪಾಲನ್ನೂ. ಇಂದಿನ ಕಬ್ಬಿನ ತಳಿಗಳಲ್ಲಿ ನೂರರಿಂದ ನೂರಮೂವತ್ತರವರೆಗೆ ವರ್ಣತಂತುಗಳಿರುವುದಕ್ಕೆ ಇಂಥ ಕೂಡಿಕೆಗಳೇ ಕಾರಣ.

ಇನ್ನು ಬೀಜದಿಂದ ಬಂದದ್ದೆಲ್ಲ ಮಿಯಾಸಿಸ್‌ನಿಂದಲೇ ಬಂದದ್ದು ಎಂದುಕೊಂಡರೆ ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಲಿಂಬೆ ಅದನ್ನು ಸುಳ್ಳು ಮಾಡುತ್ತದೆ. ಲಿಂಬೆಯ ಒಂದೇ ಬೀಜದೊಳಗೆ ಹಲವು ಭ್ರೂಣಗಳಿರುತ್ತವೆ. ಪರಾಗ ಮತ್ತು ಅಂಡ ಸೇರಿ ಆದದ್ದು ಹೆಚ್ಚೆಂದರೆ ಒಂದು. ಉಳಿದವು ತಾಯಿಯ ಅಂಗಾಂಶದ ಕೋಶಗಳೇ ಮೈಟಾಸಿಸ್‌ನಿಂದ ಬೆಳೆದು ಭ್ರೂಣವಾದವು. ಬೀಜ ಬಿತ್ತಿದರೂ ಹೆಚ್ಚಿನ ಸಸಿಗಳು ತಾಯಿ ಮರದ ಪಡಿಯಚ್ಚು. ನರ್ಸರಿಯವರು ಮಡಿಯಲ್ಲಿ ಗುಂಪಿಗೆ ಸೇರದೆ ಗಿಡ್ಡಗೋ ಬಡಕಲಾಗಿಯೋ ಕಾಣುವ ಸಸಿಯನ್ನು ಕಿತ್ತು ಒಗೆಯುತ್ತಾರೆ. ಎರಡು ಮರಗಳ ವರ್ಣತಂತುಗಳು ಕೂಡಿ ಹುಟ್ಟಿದ ಸಸಿ ಬಹಳ ಸಲ ಅದೇ ಆಗಿರುತ್ತದೆ.